ಪದ ಬೇಕು: 'ಇಂಟರ್‌ಸೆಶನ್' (ಆಳುವವರಿಗಾಗಿ, ಜನರಿಗಾಗಿ ಮಾಡುವ ಪ್ರಾರ್ಥನೆ)

ಎಲ್ಲರಿಗೂ ನಮಸ್ಕಾರ. ಗುರುವಾರ ಸಂಜೆಯೊಳಗೆ ಒಂದು ಪದ ಬೇಕು. ಬ್ಯಾನರ್ ಪ್ರಿಂಟಿಗೆ ಹೋಗುತ್ತದೆ.

ಜಾಂಬಿಯಾದಿಂದ ಬೆಂಗಳೂರಿಗೆ ಓದಲು ಬಂದ ಕೆಲವು ಹುಡುಗರು ನಮ್ಮ ಚರ್ಚಿನ ಸಭೆಗೆ ಬರುತ್ತಾರೆ. ಅವರ ದೇಶದಲ್ಲಿ ಅಕ್ಟೋಬರ್ 18 ರಾಷ್ಟ್ರೀಯ ಪ್ರಾರ್ಥನಾ ದಿನ. 2015ರಲ್ಲಿ ಶುರುವಾಗಿದ್ದು, ಅವತ್ತು ಸರ್ಕಾರಿ ರಜೆ. ಈ ಸಲ ನಮ್ಮ ಕನ್ನಡ ಆರಾಧನೆಯಲ್ಲೂ ಅವರ ಜೊತೆ ಪ್ರಾರ್ಥಿಸುತ್ತೇವೆ. ಅವರು ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. ತಲೆಬರಹದಲ್ಲೇ ನಿಂತುಬಿಟ್ಟಿದ್ದೇನೆ: 'ಅಭಿವೃದ್ಧಿಶೀಲ ರಾಷ್ಟ್ರದ ನಾಯಕರು ಮತ್ತು ಜನರಿಗಾಗಿ ಮಧ್ಯಸ್ಥಿಕೆ ಪ್ರಾರ್ಥನೆ'. ಅಮ್ಮ ಓದಿ, "ಯಾರ ಜಗಳ ಬಿಡಿಸೋಕೆ?" ಅಂದರು. ಬೇರೆ ಪದ ಇದೆಯಾ?
(ಫ್ರೇಜರ್ ಟೌನ್)

---

'ಮೊರೆ' ಇದೆ. ಅಚ್ಚಗನ್ನಡ. ಇದಕ್ಕೆ ಚರ್ಚೆ ಬೇಕಿಲ್ಲ.
(ಬಸವನಗುಡಿ)

---

ಬೇಕು ಸರ್. ಮೊರೆ ಇಡುವುದು ಸಂಕಟದಲ್ಲಿ. 2024ರಲ್ಲಿ ಜಾಂಬಿಯಾದಲ್ಲಿ ಮಳೆ ಕೈಕೊಟ್ಟು ಮೆಕ್ಕೆಜೋಳ ಒಣಗಿತು. ಬರವನ್ನು ರಾಷ್ಟ್ರೀಯ ವಿಪತ್ತು ಅಂತ ಸಾರಿದರು. ಆಗ ಜನ ದೇವರಿಗೆ ಇಟ್ಟಿದ್ದು ಮೊರೆ. ಆದರೆ 'ಆಳುವವರಿಗೆ ವಿವೇಕ ಕೊಡು, ಸಾಲದಿಂದ ದೇಶವನ್ನು ಎತ್ತು' ಅಂತ ಪ್ರತಿ ವರ್ಷ ನಿಂತು ಕೇಳುವುದು ಕೂಗಲ್ಲ.

ಮೇಡಂ, 'ಮಧ್ಯಸ್ಥಿಕೆ' ಖಂಡಿತ ಬೇಡ. ಅದು ಈಗ ಕೋರ್ಟಿನ ಪದ. ಅದಕ್ಕಿಂತ ದೊಡ್ಡ ಕಾರಣ ಬೈಬಲಿನಲ್ಲೇ ಇದೆ. ಅರಸರಿಗಾಗಿ, ಅಧಿಕಾರಿಗಳಿಗಾಗಿ ಪ್ರಾರ್ಥಿಸಿ ಅನ್ನುವುದು ತಿಮೊಥೆಯನಿಗೆ ಬರೆದ ಮೊದಲ ಪತ್ರದ 2ನೇ ಅಧ್ಯಾಯ, ಅಲ್ವಾ? ಅದೇ ಅಧ್ಯಾಯದ 5ನೇ ವಚನ ನೋಡಿ. ಮಧ್ಯಸ್ಥ ಒಬ್ಬನೇ, ಕ್ರಿಸ್ತ. ಆ ಪದವನ್ನು ನಾವು ತೆಗೆದುಕೊಂಡರೆ ಅರ್ಥ ಕೆಡುತ್ತದೆ. ಪತ್ರದ ಮೂಲ ಗ್ರೀಕಿನಲ್ಲೂ 'ಮಧ್ಯಸ್ಥ'ನಿಗೆ, ಈ ಪ್ರಾರ್ಥನೆಗೆ ಬೇರೆ ಬೇರೆ ಪದಗಳು. 1ನೇ ವಚನದಲ್ಲಿ ಇರುವುದು 'ಎಂಟ್ಯೂಕ್ಸಿಸ್'. ಹಳೆಯ ಈಜಿಪ್ಟಿನಲ್ಲಿ ಜನ ಗ್ರೀಕ್ ದೊರೆಗೆ ಬರೆಯುತ್ತಿದ್ದ ಅರ್ಜಿಗೂ ಇದೇ ಹೆಸರು.

ಇದಕ್ಕೆ ಸರಿಹೊಂದುವ ಪದ ನಮ್ಮಲ್ಲಿ ಆಗಲೇ ಇದೆ: ಬಿನ್ನಹ. ಇದರ ಹಳೆಯ ರೂಪ ಬಿನ್ನಪ; 'ಬಿನ್ನಪಂ ಗೆಯ್ದು' (ಬಿನ್ನಹ ಮಾಡಿ) ಅಂತ ಶಾಸನಗಳಲ್ಲಿ ಬರುತ್ತದೆ. ಊರಿನ ಗುಡಿಗೋ ಕೆರೆಗೋ ಒಬ್ಬರು ದೊರೆಯ ಮುಂದೆ ನಿಂತು ಕೇಳುವುದು. ತನಗಾಗಿ ಅಲ್ಲ, ಊರಿಗಾಗಿ. ಪತ್ರದ ಮಾತೂ ಇದೇ.
(ಮಲ್ಲೇಶ್ವರ)

---

ಬಿನ್ನಹ ಸಂಸ್ಕೃತದ 'ವಿಜ್ಞಾಪನ'. ಒಳ್ಳೆ ಕನ್ನಡ ಪದವನ್ನು ತಳ್ಳಿ, ಎರವಲು ತರುವ ಚಾಳಿ ಬಿಡಿ.
(ಬಸವನಗುಡಿ)

---

ಹೌದು, ತದ್ಭವ. ಯಜ್ಞ ಜನ್ನ ಆಯಿತು, ವಿಜ್ಞಾನ ಬಿನ್ನಾಣ ಆಯಿತು, ವಿಜ್ಞಾಪನ ಬಿನ್ನಪ ಆಯಿತು. ನಮ್ಮ ನಾಲಿಗೆ ಅರೆದು ತನ್ನದಾಗಿಸಿಕೊಂಡ ಪದ ಎರವಲು ಹೇಗಾಗುತ್ತದೆ? ಹಾಗೆ ಜರಡಿ ಹಿಡಿದರೆ 'ಪಾದ್ರಿ', 'ಇಗರ್ಜಿ' ಎರಡೂ ಪೋರ್ಚುಗೀಸ್, 'ಆಮೆನ್' ಹೀಬ್ರೂ. ಕೊನೆಗೆ ಪ್ರಾರ್ಥನೆ ಮಾಡುವವರ ಬಾಯಲ್ಲಿ ಏನೂ ಉಳಿಯುವುದಿಲ್ಲ. ಬೈಬಲಿನ 'ವಿಜ್ಞಾಪನೆ'ಯನ್ನೇ ಬಳಸಬಹುದಿತ್ತು. ಆದರೆ ಹಿಂದಿಯಲ್ಲಿ 'ವಿಜ್ಞಾಪನ್' ಅಂದರೆ ಜಾಹೀರಾತು. ಬೆಂಗಳೂರಿನ ಮಕ್ಕಳಿಗೆ ಮೊದಲು ಹೊಳೆಯುವುದು ಅದೇ. ಬ್ಯಾನರ್ ಮೇಲೆ ಬೇಡ.

ಇನ್ನು 'ಅಭಿವೃದ್ಧಿಶೀಲ ರಾಷ್ಟ್ರ'. ಅದು ಸರ್ಕಾರಿ ವರದಿಯ ಮಾತು. ದೇವರ ಮುಂದೆ ಒಂದು ನಾಡಿನ ಹೆಸರು ಹಿಡಿದು ಬೇಡಬೇಕು, ಅದರ ಮಟ್ಟ ಹೇಳಿಕೊಂಡು ಅಲ್ಲ. ಆ ಹುಡುಗರು ಎದುರಿಗೇ ಕೂತಿರುತ್ತಾರೆ.
(ಮಲ್ಲೇಶ್ವರ)

---

ಆಡುಮಾತಿನಲ್ಲಿ ಬಿನ್ನಹ ಎಲ್ಲಿದೆ? ಯಾರೂ ಅನ್ನುವುದಿಲ್ಲ. ಮೊರೆ ಬದುಕಿದೆ.
(ಬಸವನಗುಡಿ)

---

ಇಬ್ಬರಿಗೂ ಧನ್ಯವಾದ. ನಿನ್ನೆ ರಾತ್ರಿ ಎರಡನ್ನೂ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಬರದ ಪ್ಯಾರಾದಲ್ಲಿ 'ಮೊರೆ' ಇಟ್ಟಿದ್ದೇನೆ, ಅಲ್ಲಿ ಅದೇ ಸರಿ. ಬ್ಯಾನರಿಗೆ ಹೀಗೆ ಕಳಿಸಿದೆ: 'ಜಾಂಬಿಯಾವನ್ನು ಆಳುವವರಿಗಾಗಿ, ಅಲ್ಲಿನ ಜನರಿಗಾಗಿ ನಮ್ಮ ಬಿನ್ನಹ'. ಪ್ರತಿ ಪ್ಯಾರಾ ಆದ ಮೇಲೆ ಸಭೆ ಹೇಳುವ ಸಾಲು: 'ಕರ್ತನೇ, ನಮ್ಮ ಬಿನ್ನಹವನ್ನು ಕೇಳು'. ಈ ಭಾನುವಾರ ಆ ಹುಡುಗರಿಗೂ ಅದನ್ನು ಕನ್ನಡದಲ್ಲಿ ಹೇಳಿಕೊಡುತ್ತೇನೆ.
(ಫ್ರೇಜರ್ ಟೌನ್)