ಬೆಕ್ಕು ಟಿಕೆಟ್ ಕೇಳಿದ ಕಥೆ

ಹೊರದೇಶದಿಂದ ಬೆಂಗಳೂರಿಗೆ ವಾಪಸ್ ಬಂದರೆ ಮಕ್ಕಳು ಹೊಂದಿಕೊಳ್ಳುತ್ತಾರಾ, ಕನ್ನಡ ಬರುತ್ತಾ ಅಂತ ಗುಂಪಿನಲ್ಲಿ ಮತ್ತೆ ಮತ್ತೆ ಕೇಳುತ್ತೀರಿ. ಶಾಲೆ, ಸಂಬಳದ ಲೆಕ್ಕವನ್ನು ಬೇರೆಯವರು ಚೆನ್ನಾಗಿ ಹೇಳಿದ್ದಾರೆ. ನಾನು ಹೋದ ಭಾನುವಾರದ ವಿಷಯ ಹೇಳುತ್ತೇನೆ.

ಬಸವನಗುಡಿಯಲ್ಲಿ ನಾವು ಒಂಬತ್ತು ಜನ ತಿಂಗಳಿಗೊಮ್ಮೆ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಯಾವ ಭಾಷೆಯಲ್ಲಿ ಓದಿದರೂ ಸರಿ, ಮಾತು ಮಾತ್ರ ಕನ್ನಡದಲ್ಲೇ. ಈ ಸಲ ರಷ್ಯನ್ ಲೇಖಕ ಬುಲ್ಗಾಕೊವ್ ಬರೆದ ‘ದಿ ಮಾಸ್ಟರ್ ಅಂಡ್ ಮಾರ್ಗರೀಟಾ’. ಸೈತಾನ ತನ್ನ ಪರಿವಾರದ ಜೊತೆ ಮಾಸ್ಕೋಗೆ ಬಂದಿಳಿಯುವ ಕಥೆ. ಲೇಖಕ 1940ರಲ್ಲೇ ತೀರಿಕೊಂಡ. ಪುಸ್ತಕ ಅಚ್ಚಾಗಿದ್ದು 1966–67ರಲ್ಲಿ, ಅದೂ ಒಂದು ಪತ್ರಿಕೆಯಲ್ಲಿ, ಕತ್ತರಿ ಹಾಕಿಸಿಕೊಂಡು.

ಅರ್ಧ ಜನಕ್ಕೆ ಹಿಡಿಸಲಿಲ್ಲ. ‘ದೆವ್ವದ ಕಥೆ ಅಂದಮೇಲೆ ಹೆದರಿಕೆ ಆಗಬೇಕು, ಇಲ್ಲಿ ನಗು ಬರುತ್ತೆ’ ಅಂದರು ಒಬ್ಬರು. ನಡುನಡುವೆ ಯೇಸುವಿನ ಕಾಲಕ್ಕೆ ಹೋಗುವುದು ಇನ್ನೊಬ್ಬರಿಗೆ ಕಿರಿಕಿರಿ. ನನಗಂತೂ ಆ ಅಧ್ಯಾಯಗಳೇ ಪುಸ್ತಕದ ಜೀವ ಅನ್ನಿಸಿತ್ತು. ಹೆಸರುಗಳು ನೆನಪಿರಲ್ಲ ಅನ್ನುವ ದೂರು ಎಲ್ಲರದ್ದೂ. ಅದಕ್ಕೆ ನನ್ನ ಹದಿನಾಲ್ಕು ವರ್ಷದ ಮಗಳು ಬಾಯಿ ಬಿಟ್ಟಳು. ‘ನಡುವಿನ ಹೆಸರು ಅಪ್ಪನದು. ಇವಾನೊವಿಚ್ ಅಂದ್ರೆ ಇವಾನನ ಮಗ. ನಮ್ಮ ಇನಿಷಿಯಲ್ ಥರಾನೇ, ಅಲ್ವಾ?’

ಮಾತಿಗೆ ಕಾವೇರಿದ್ದು ಮನೆಯ ವಿಷಯಕ್ಕೆ. ಕಾದಂಬರಿಯಲ್ಲಿ ಒಬ್ಬ ಟ್ರಾಮಿಗೆ ಸಿಕ್ಕಿ ಸಾಯುತ್ತಾನೆ. ಅವನಿದ್ದ ಕೋಣೆಗಳು ತಮಗೆ ಬೇಕು ಅಂತ ಕಟ್ಟಡದ ಸಂಘದ ಅಧ್ಯಕ್ಷನಿಗೆ ಎರಡೇ ಗಂಟೆಯಲ್ಲಿ 32 ಅರ್ಜಿ ಬರುತ್ತವೆ. ಕೆಲವರು ಬೇಡುತ್ತಾರೆ, ಕೆಲವರು ಬೆದರಿಸುತ್ತಾರೆ, ರಿಪೇರಿ ಖರ್ಚು ನಮ್ಮದೇ ಅನ್ನುವವರೂ ಇದ್ದಾರೆ. ‘ಇದು ಸ್ವಲ್ಪ ಜಾಸ್ತಿಯಾಯಿತು’ ಅಂದರು ನಮ್ಮ ಹಾಗೆ ಹೊರದೇಶದಿಂದ ಬಂದ ಗಂಡಹೆಂಡತಿ. ಹನುಮಂತನಗರದಲ್ಲಿ ಮೂವತ್ತು ವರ್ಷ ಬಾಡಿಗೆಗಿದ್ದ ಆಂಟಿ ಒಪ್ಪಲೇ ಇಲ್ಲ. ‘ಜಾಸ್ತಿ ಏನು ಬಂತು? ವಠಾರದಲ್ಲಿ ಒಂದು ಮನೆ ಖಾಲಿಯಾದರೆ, ಅವರು ಸಾಮಾನು ಸಾಗಿಸೋ ಮೊದಲೇ ಅಡ್ವಾನ್ಸ್ ಹಿಡಿದು ನಿಂತಿರ್ತಿದ್ವಿ.’

‘ವಠಾರ ಅಂದ್ರೆ ಏನು?’ ಮಗಳು ಕೇಳಿದಳು.

ಪುಸ್ತಕ ಪಕ್ಕಕ್ಕೆ ಹೋಯಿತು. ಎಂಟು ಮನೆಗೆ ಒಂದೇ ನಲ್ಲಿ, ನಸುಕಿನಲ್ಲೇ ಸಾಲುಗಟ್ಟಿದ ಬಿಂದಿಗೆಗಳು, ಗೋಡೆಯಾಚೆ ಯಾರೋ ಒಗ್ಗರಣೆ ಹಾಕಿದರೆ ಇವರ ಮನೆಯಲ್ಲಿ ಸೀನು. ಆಂಟಿ ಹೇಳುತ್ತಾ ಹೋದರು. ಮಗಳ ಕೈಯಲ್ಲಿದ್ದ ಕೋಡುಬಳೆ ಕೈಯಲ್ಲೇ ಇತ್ತು. ವಾಪಸ್ ಬಂದು ಹತ್ತು ತಿಂಗಳಾಯಿತು. ಈ ಊರಿನ ಬಗ್ಗೆ ಅವಳು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ನನಗೆ ಗಂಟಲು ಕಟ್ಟಿತು.

ರಾತ್ರಿ ಊಟಕ್ಕೆ ಕೂತಾಗ ಅಜ್ಜಿಗೆ ತಾನೇ ಕಥೆ ಹೇಳಿದಳು, ತನಗೆ ಬರುವ ಕನ್ನಡದಲ್ಲಿ. ಸೈತಾನನ ಜೊತೆ ದೊಡ್ಡ ಕರಿ ಬೆಕ್ಕು ಇರುತ್ತೆ. ಅದು ಟ್ರಾಮ್ ಹತ್ತಿ ಕಂಡಕ್ಟರ್ ಅಮ್ಮನಿಗೆ ಹತ್ತು ಕೊಪೆಕ್ ನಾಣ್ಯ ಚಾಚುತ್ತೆ.

ನನ್ನ ಅಮ್ಮ ತುತ್ತು ನಿಲ್ಲಿಸಿ, ‘ಚಿಲ್ಲರೆ ವಾಪಸ್ ಕೊಟ್ಟಳಾ?’ ಅಂದರು.

‘ಹತ್ತಿಸಿಕೊಳ್ಳಲೇ ಇಲ್ಲ ಅಜ್ಜಿ. ಕೆಳಗಿಳಿ ಅಂತ ಬೈದಳು. ಬೆಕ್ಕು ಇಳಿದು, ಹಿಂದುಗಡೆ ಹತ್ತಿ ಕೂತ್ಕೊಂಡು ಹೋಯ್ತು. ದುಡ್ಡೂ ಉಳೀತು.’

‘ಜಾಣ ಬೆಕ್ಕು. ಮುಂದೆ?’ ಅಂದರು ಅಮ್ಮ.