ಸಹಾಯ ಬೇಕು: ಕಾರ್ಬನ್ ಮೇಲೆ ಚಿನ್ನದ ನ್ಯಾನೊ ಕಣಗಳು ನಿಲ್ಲುತ್ತಿಲ್ಲ

ನೀರಿನಲ್ಲಿರುವ ಆರ್ಸೆನಿಕ್ ಅಳೆಯಲು ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡ್ ಮೇಲೆ ವಿದ್ಯುಲ್ಲೇಪನದಿಂದ ಚಿನ್ನದ ನ್ಯಾನೊ ಕಣಗಳನ್ನು ಕೂರಿಸುತ್ತಿದ್ದೇನೆ. 0.5 ಮೋಲಾರ್ ಗಂಧಕಾಮ್ಲದಲ್ಲಿ 1 ಮಿಲಿಮೋಲಾರ್ ಕ್ಲೋರೋಆರಿಕ್ ಆಮ್ಲ. ಸಿಲ್ವರ್/ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡ್ ಎದುರು ಸ್ಥಿರವಾಗಿ −0.2 ವೋಲ್ಟ್.

ಹೊಸ ಲೇಪನದಲ್ಲಿ ಸ್ಟ್ರಿಪ್ಪಿಂಗ್ ಶೃಂಗ (ಚಿನ್ನದ ಮೇಲೆ ಕೂಡಿದ ಆರ್ಸೆನಿಕ್ ಮತ್ತೆ ಕರಗುವಾಗ ಬರುವ ವಿದ್ಯುತ್ ಸಂಕೇತ) ಚೂಪಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಲೀಟರಿಗೆ 10 ಮೈಕ್ರೋಗ್ರಾಂ ಮಟ್ಟವೂ ಕಾಣುತ್ತದೆ. ಆದರೆ ಬಳಸುತ್ತ ಹೋದಂತೆ ಶೃಂಗ ಕುಗ್ಗುತ್ತದೆ. ಗಂಧಕಾಮ್ಲದಲ್ಲಿ ಪರೀಕ್ಷಿಸಿದರೆ ಮೇಲ್ಮೈಯಲ್ಲಿ ಎಷ್ಟು ಚಿನ್ನವಿದೆ ಎಂದು ತೋರಿಸುವ, ಚಿನ್ನದ ಆಕ್ಸೈಡ್‌ನ ಅಪಕರ್ಷಣ (ರಿಡಕ್ಷನ್) ಶೃಂಗವೂ ಇಳಿದಿದೆ. ಹಾಗಾಗಿ ಚಿನ್ನವೇ ಕಳಚುತ್ತಿದೆ ಎಂಬ ಗುಮಾನಿ.

ಅಲ್ಯುಮಿನಾ ಪಾಲಿಶ್ ಸರಿಯಾಗಿಯೇ ಆಗಿದೆ, ದಯವಿಟ್ಟು ಆ ಸಲಹೆ ಬೇಡ. ಅಳತೆಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮಾಡುತ್ತಿದ್ದೇನೆ. ಪ್ರತಿ ಸಲ ಶುದ್ಧೀಕರಣಕ್ಕೆ ಕೊಡುವ ಹೆಚ್ಚಿನ ಧನ ವಿಭವದಲ್ಲಿ (ಪಾಸಿಟಿವ್ ವೋಲ್ಟೇಜ್) ಕ್ಲೋರೈಡ್ ಚಿನ್ನವನ್ನು ಕರಗಿಸುತ್ತಿರಬಹುದೇ? ಸ್ಥಿರ ವಿಭವದ ಬದಲು ಬಿಟ್ಟು ಬಿಟ್ಟು ಕೊಡುವ ಪಲ್ಸ್ ಲೇಪನಕ್ಕೆ ಬದಲಾದರೆ ಅಂಟು ಹೆಚ್ಚುವುದೇ? ಕೊಳವೆಬಾವಿ ನೀರಿನಲ್ಲಿರುವ ತಾಮ್ರ ಆರ್ಸೆನಿಕ್ ಅಳತೆಗೆ ಒಡ್ಡುವ ಅಡ್ಡಿಯನ್ನು ನೀವು ಹೇಗೆ ನಿಭಾಯಿಸಿದಿರಿ ಎಂಬುದನ್ನೂ ತಿಳಿಸಿ. ಕೈಯಾರೆ ಮಾಡಿ ನೋಡಿದವರು ಬರೆದರೆ ದೊಡ್ಡ ಉಪಕಾರ.