ಪದ ಬೇಕು, ತುರ್ತು: ‘ಇಮ್ಯುನೊಮಾಡ್ಯುಲೇಟರಿ ಥೆರಪಿ’ಗೆ ಬ್ಯಾನರ್ ಮೇಲೆ ಏನು ಬರೆಯೋಣ?

ಬೆಳಗಾವಿಯಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ವಿಶ್ವವಿದ್ಯಾಲಯದಲ್ಲಿ ಮುಂದಿನ ವಾರ ಒಂದು ಸಂಶೋಧನಾ ವಿಚಾರ ಸಂಕಿರಣ ಇದೆ. ವಿಷಯ ‘ಇಮ್ಯುನೊಮಾಡ್ಯುಲೇಟರಿ ಥೆರಪಿಗಳು’, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯ ಕೆಲಸವನ್ನು ಬದಲಿಸುವ ಚಿಕಿತ್ಸೆಗಳು. ಬ್ಯಾನರ್ ಪ್ರಿಂಟ್ ಮಾಡುವವರು ನಾಳೆ ಬೆಳಿಗ್ಗೆಯೇ ಮ್ಯಾಟರ್ ಕೇಳಿದ್ದಾರೆ. ಕನ್ನಡ ಮೇಲೆ, ದೊಡ್ಡ ಅಕ್ಷರದಲ್ಲಿ ಬರಬೇಕು.

ಸಮಿತಿಯಲ್ಲಿ ಒಬ್ಬರು ‘ಪ್ರತಿರಕ್ಷಾ ಸಮನ್ವಯಕಾರಿ ಚಿಕಿತ್ಸಾ ಪದ್ಧತಿಗಳು’ ಅಂತ ಬರೆದುಕೊಟ್ಟರು. ಅದು ಡಾಕ್ಟರಿಗೂ ತಿಳಿಯಲ್ಲ. ಇನ್ನೊಬ್ಬರು ‘ರೋಗನಿರೋಧಕ ಶಕ್ತಿವರ್ಧಕ’ ಅಂದರು. ಅದು ತಪ್ಪೇ ತಪ್ಪು. ಈ ಚಿಕಿತ್ಸೆಗಳು ಶಕ್ತಿಯನ್ನು ಬರೀ ಹೆಚ್ಚಿಸುವುದಿಲ್ಲ. ಕ್ಯಾನ್ಸರ್‌ಗೆ ಕೊಡುವ ಚೆಕ್‌ಪಾಯಿಂಟ್ ಇನ್ಹಿಬಿಟರ್‌ಗಳು ಟಿ ಕೋಶಗಳ, ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳ, ಬ್ರೇಕ್ ಬಿಡಿಸುತ್ತವೆ. ಜೇಮ್ಸ್ ಆಲಿಸನ್, ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂದದ್ದು ಈ ಕೆಲಸಕ್ಕೇ. ಕಿಡ್ನಿ ಕಸಿ ಆದವರಿಗೆ ಕೊಡುವ ಸೈಕ್ಲೋಸ್ಪೊರಿನ್, ಟ್ಯಾಕ್ರೊಲಿಮಸ್ ಅದೇ ಟಿ ಕೋಶಗಳನ್ನು ಅಡಗಿಸುತ್ತವೆ. ಇನ್ನು 2025ರ ನೊಬೆಲ್ ನೋಡಿ. ದೇಹದ ರಕ್ಷಣಾ ಪಡೆ ನಮ್ಮ ಮೈಮೇಲೆಯೇ ತಿರುಗಿ ಬೀಳದಂತೆ ಕಾಯುವ ರೆಗ್ಯುಲೇಟರಿ ಟಿ ಕೋಶಗಳ ಸಂಶೋಧನೆಗೆ ಬಂತು. ಏರಿಸುವುದು, ಇಳಿಸುವುದು, ದಾರಿಗೆ ತರುವುದು ಎಲ್ಲ ಸೇರಿದ ಒಂದು ಕ್ರಿಯಾಪದ ಬೇಕು. ಇವತ್ತು ರಾತ್ರಿಯೊಳಗೆ ತಿಳಿಸಿದರೆ ಉಪಕಾರ.

ಬಾಗಲಕೋಟೆಯಿಂದ:

‘ಇಮ್ಯುನೊಥೆರಪಿ’ ಅಂತಲೇ ಬರೆಯಿರಿ ಸರ್. ಸ್ಕ್ಯಾನಿಂಗ್, ಡಯಾಲಿಸಿಸ್, ಕೀಮೊ ಎಲ್ಲ ಬಂದು ಕೂತಿವೆ. ಬರುವವರು ಪಿಎಚ್‌ಡಿ ಮಾಡುವವರು. ಸುಮ್ನೆ ಹೊಸ ಪದ ಕಟ್ಟಬೇಡಿ.

ವಿಜಯಪುರದಿಂದ:

ಮೊದಲು ‘ನಿರೋಧಕ’ ಬಿಡಬೇಕು. ಇನ್ಹಿಬಿಟರಿಗೂ ನಿರೋಧಕ, ಇಮ್ಯೂನ್‌ಗೂ ನಿರೋಧಕ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಕ್ಕೂ ನಿರೋಧಕ. ಒಂದೇ ಪ್ರಬಂಧದಲ್ಲಿ ಈ ಮೂರೂ ಬಂದರೆ ಓದುವವರ ಗತಿ ಏನು?

ಮೂಲಕ್ಕೆ ಹೋಗೋಣ. ಲ್ಯಾಟಿನ್‌ನಲ್ಲಿ ‘ಇಮ್ಯೂನಿಸ್’ ಅಂದರೆ ತೆರಿಗೆ, ಸರಕಾರಿ ಸೇವೆಗಳ ಹೊರೆಯಿಂದ ಬಿಡುಗಡೆ ಪಡೆದವನು. ರೋಗದ ಮಾತು ಆಮೇಲೆ ಬಂತು. ಇದೇ ಅರ್ಥದ ಪದ ನಮ್ಮ ಶಾಸನಗಳಲ್ಲಿ ಇದೆ, ‘ಸರ್ವಮಾನ್ಯ’. ತೆರಿಗೆ ಇಲ್ಲದೆ ಬಿಟ್ಟುಕೊಟ್ಟ ದತ್ತಿ ಭೂಮಿ. ಹಳ್ಳಿಗಳಲ್ಲಿ ಮಾನ್ಯದ ಹೊಲ ಅನ್ನುವ ಮಾತು ಇನ್ನೂ ಇದೆ ಅಲ್ವಾ? ಹಾಗಾಗಿ ಇಮ್ಯುನಿಟಿಗೆ ‘ರೋಗಮಾನ್ಯ’. ರೋಗದ ಸುಂಕ ಕಟ್ಟಬೇಕಾಗಿಲ್ಲದ ಮೈ. ಲ್ಯಾಟಿನ್ ಪದಕ್ಕೆ ಇಷ್ಟು ಹತ್ತಿರದ ಪದ ಬೇರೆ ಎಲ್ಲಿ ಸಿಗುತ್ತದೆ?

ಬಾಗಲಕೋಟೆಯಿಂದ:

ಮಾನ್ಯ ಅಂದರೆ ಈಗ ಒಪ್ಪಿಗೆ. ರೋಗಮಾನ್ಯ ಅಂದರೆ ರೋಗಕ್ಕೆ ಒಪ್ಪಿಗೆ ಕೊಟ್ಟ ಹಾಗೆ. ಆಗದು.

ಬೆಳಗಾವಿಯಿಂದ, ಇನ್ನೊಬ್ಬರು:

ನಾನು ಆಸ್ಪತ್ರೆಯಲ್ಲಿ ಔಷಧ ಕೊಡುವ ಕಿಟಕಿಯಲ್ಲಿ ಕೂರುವವಳು. ಪದ ಬ್ಯಾನರ್ ಮೇಲೆ ನಿಲ್ಲುವುದಿಲ್ಲ ಸರ್. ಪತ್ರಿಕೆಗೆ ಹೋಗುತ್ತದೆ, ಅಲ್ಲಿಂದ ರೋಗಿಗಳ ಬಾಯಿಗೆ ಬರುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕೀಲುವಾತದವರಿಗೆ ಮೆಥೊಟ್ರೆಕ್ಸೇಟ್ ಗುಳಿಗಿ ಕೊಡುತ್ತೇವೆ. ವಾರಕ್ಕೆ ಒಂದೇ ದಿನ ನುಂಗಬೇಕು. ದಿನಾ ನುಂಗಿದರೆ ಜೀವಕ್ಕೇ ಅಪಾಯ. ಅದಕ್ಕೆ ಚೀಟಿ ಮೇಲೆ ‘ಸೋಮವಾರ’ ಅಂತ ಬರೆದು, ಪೆನ್ನಿನಿಂದ ಸುತ್ತು ಹಾಕಿ, ಓದಿಸಿ ಕಳಿಸುತ್ತೇವೆ. ಆಗ ಬರುವ ಪ್ರಶ್ನೆ ಯಾವಾಗಲೂ ಒಂದೇ: ‘ಇದು ಶಕ್ತಿ ಕಡಿಮಿ ಮಾಡತೈತೆನ್ರಿ?’ 2020ರಿಂದ ಇಮ್ಯುನಿಟಿ ಅಂದರೆ ಕಷಾಯ ಕುಡಿದು ಏರಿಸಿಕೊಳ್ಳುವುದು ಅಂತ ಜನರ ಮನಸ್ಸಿನಲ್ಲಿ ಕೂತಿದೆ. ಇಳಿಸುವ ಗುಳಿಗಿ ಅಂದರೆ ಹೆದರಿ ಬಿಟ್ಟುಬಿಡುತ್ತಾರೆ. ಕೀಲು ಮತ್ತೆ ಬಾತುಕೊಳ್ಳುತ್ತದೆ. ತಮ್ಮ ರಕ್ಷಣಾ ಪಡೆಯೇ ತಮ್ಮ ಕೀಲು ತಿನ್ನುತ್ತಿದೆ ಅನ್ನುವುದನ್ನು ‘ಶಕ್ತಿ’ ಅನ್ನುವ ಪದ ಹೇಳಲು ಬಿಡುವುದೇ ಇಲ್ಲ.

ನಾನು ಅವರಿಗೆ ಹೇಳುವ ಪದ ‘ಹದ’. ಎರಿ ಹೊಲ ಮಳೆ ಜಾಸ್ತಿ ಆದರೂ ಹದ ತಪ್ಪುತ್ತದೆ, ಒಣಗಿದರೂ ತಪ್ಪುತ್ತದೆ. ಇಷ್ಟು ಅಂದರೆ ಸಾಕು, ಹೊಲ ಮಾಡಿದವರಿಗೆ ತಟ್ಟನೆ ತಿಳಿಯುತ್ತದೆ. ‘ರೋಗನಿರೋಧಕ ವ್ಯವಸ್ಥೆಯನ್ನು ಹದಗೊಳಿಸುವ ಚಿಕಿತ್ಸೆಗಳು’ ಅಂತ ಬರೆಯಿರಿ. ‘ಶಕ್ತಿ’ ಬೇಡ, ‘ವ್ಯವಸ್ಥೆ’ ಇರಲಿ.

ವಿಜಯಪುರದಿಂದ:

ಅಥಣಿ ಕಡೆ ಹದ ಮಾಡುವುದು ತೊಗಲನ್ನು. ಚಿಕಿತ್ಸೆಗೆ ಆ ಪದವೇ? ಇನ್ನು ‘ರೋಗನಿರೋಧಕ’, ‘ವ್ಯವಸ್ಥೆ’, ‘ಚಿಕಿತ್ಸೆ’ ಮೂರೂ ಸಂಸ್ಕೃತ. ಹದ ಒಂದೇ ಕನ್ನಡ. ಬರೆಯುವುದಾದರೆ ಪೂರ್ತಿ ಕನ್ನಡ ಬರೆಯಿರಿ, ‘ಮೈಕಾಪು ಹದಗೊಳಿಸುವ ಮದ್ದು’.

ಬೆಳಗಾವಿಯಿಂದ, ಔಷಧ ಕಿಟಕಿಯವರು:

ಬಿರುಸಾದ ತೊಗಲು ಬೇಕಾದಷ್ಟೇ ಮೆತ್ತಗಾದರೆ ಅದೂ ಹದವೇ ಸರ್. ಅರ್ಥ ಒಂದೇ. ‘ಮೈಕಾಪು’ ಚೆನ್ನಾಗಿದೆ, ಆದರೆ ಈ ಊರಿನಲ್ಲಿ ಯಾರೂ ಕೇಳಿಲ್ಲ. ‘ಮದ್ದು’ ಮಾತ್ರ ನಮ್ಮ ಕಡೆ ಬೇಡವೇ ಬೇಡ. ‘ಮದ್ದು ಹಾಕ್ಯಾರ’ ಅಂದರೆ ಏನು ಅಂತ ನಿಮಗೂ ಗೊತ್ತು. ಮರಾಠಿಯಲ್ಲಿ ‘ರೋಗಪ್ರತಿಕಾರಕ’ ಅನ್ನುತ್ತಾರೆ, ಇಲ್ಲಿ ಅರ್ಧ ರೋಗಿಗಳಿಗೆ ಅದೇ ಗೊತ್ತು. ‘ರೋಗನಿರೋಧಕ’ ಅದಕ್ಕೆ ಹತ್ತಿರ ಇದೆ, ಹಾಗಾಗಿ ಇಬ್ಬರಿಗೂ ಓಡುತ್ತದೆ.

ವಿಜಯಪುರದಿಂದ:

ಅಂದರೆ ಕನ್ನಡದ ಪದ ಮರಾಠಿಗೆ ಹೊಂದಬೇಕು ಅಂತಲೇ? ಇದನ್ನು ಒಪ್ಪುವುದಿಲ್ಲ. ಗಡಿ ಊರಿನಲ್ಲಿ ಹೀಗೆ ಒಂದೊಂದೇ ಬಿಟ್ಟುಕೊಟ್ಟರೆ ಕೊನೆಗೆ ಉಳಿಯುವುದು ಪ್ರತ್ಯಯ ಮಾತ್ರ.

ಬಾಗಲಕೋಟೆಯಿಂದ:

‘ದವಾಖಾನಿ’ ಎಲ್ಲಿಂದ ಬಂತು? ಪಾರಸಿ. ನೀವೂ ದಿನಾ ಅನ್ನುತ್ತೀರಿ. ಕನ್ನಡ ಅಳಿದಿಲ್ಲ.

ಬೆಳಗಾವಿಯಿಂದ, ಮೊದಲು ಕೇಳಿದವರು:

ಎಲ್ಲರಿಗೂ ಧನ್ಯವಾದ. ‘ಹದ’ ತೆಗೆದುಕೊಳ್ಳುತ್ತಿದ್ದೇನೆ. ಎರಡೂ ದಿಕ್ಕಿನ ಅರ್ಥ ಕೊಡುವ ಪದ ಅದೊಂದೇ. ಮೇಲೆ ‘ರೋಗನಿರೋಧಕ ವ್ಯವಸ್ಥೆಯನ್ನು ಹದಗೊಳಿಸುವ ಚಿಕಿತ್ಸೆಗಳು’, ಕೆಳಗೆ ಸಣ್ಣ ಅಕ್ಷರದಲ್ಲಿ ‘ಇಮ್ಯುನೊಮಾಡ್ಯುಲೇಟರಿ ಥೆರಪಿಗಳು’. ಮೇಡಂ, ಒಂದು ಕೇಳಿಕೊಳ್ಳುತ್ತೇನೆ: ಮೆಥೊಟ್ರೆಕ್ಸೇಟ್ ಚೀಟಿಯ ವಿಷಯ ಸಂಕಿರಣಕ್ಕೆ ಬಂದು ಹತ್ತು ನಿಮಿಷ ಹೇಳಬಹುದಾ?

ವಿಜಯಪುರದಿಂದ:

‘ಮೈಕಾಪು’ ಬಗ್ಗೆ ಬೇರೆ ಎಳೆ ತೆರೆಯುತ್ತೇನೆ. ಅಲ್ಲಿಗೆ ಬನ್ನಿ.